ನೆತ್ತಿಗೆ ಹತ್ತಿದಾಗ

ಕೇಳುಗರಿಗೆ ನಮಸ್ಕಾರ.

ಊಟದ ಮಧ್ಯೆ ಕೆಮ್ಮು ಬಂದರೆ ನಮ್ಮಜ್ಜಿ ತಲೆ ತಟ್ಟಿ, 'ನೆತ್ತಿಗೆ ಹತ್ತಿತು, ಯಾರೋ ನೆನೆಸ್ಕೊಂಡ್ರು' ಅನ್ನುತ್ತಿದ್ದರು. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? ಆದರೆ ಅಗುಳು ಹೋಗಿರುವುದು ನೆತ್ತಿಗಲ್ಲ, ಉಸಿರಿನ ಕೊಳವೆಯ ಬಾಯಿಗೆ.

ಗಂಟಲಿನ ಕೆಳಗೆ ಎರಡು ಕೊಳವೆಗಳಿವೆ. ಮುಂದಿನದು ಗಾಳಿಗೆ, ಹಿಂದಿನದು ಅನ್ನಕ್ಕೆ. ಗಾಳಿ ಕೊಳವೆಯ ಮೇಲೆ ಎಲೆಯಂಥ ಪುಟ್ಟ ಮುಚ್ಚಳ. ನಾವು ನುಂಗುವಾಗ ಅದು ಬಾಗಿ ಮುಚ್ಚಿಕೊಳ್ಳುತ್ತದೆ, ಆ ಗಳಿಗೆ ಉಸಿರೂ ನಿಲ್ಲುತ್ತದೆ. ಬಾಯಲ್ಲಿ ತುತ್ತಿಟ್ಟುಕೊಂಡು ನಕ್ಕರೆ ಈ ಲೆಕ್ಕ ತಪ್ಪುತ್ತದೆ. ಊಟಕ್ಕೆ ಕೂತಾಗ ಮಾತು ಬೇಡ ಅಂತ ಹಿರಿಯರು ಗದರುತ್ತಿದ್ದುದು ಸುಮ್ನೆ ಅಲ್ಲ.

ಆರಾಮಾಗಿ ಕೂತಿದ್ದರೆ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಒಳಗೆ ಹೋದ ಗಾಳಿ ಶ್ವಾಸಕೋಶದ ಕೋಟಿಗಟ್ಟಲೆ ಪುಟ್ಟ ಗುಳ್ಳೆಗಳನ್ನು ತುಂಬುತ್ತದೆ, ರಕ್ತ ಅಲ್ಲಿಂದ ಆಮ್ಲಜನಕ ಹೊತ್ತೊಯ್ಯುತ್ತದೆ. ನಾಲ್ಕೈದು ನಿಮಿಷ ಅದು ಸಿಗದಿದ್ದರೆ ಮಿದುಳಿಗೆ ಪೆಟ್ಟು. ಆಂಬುಲೆನ್ಸ್ ಅಷ್ಟರೊಳಗೆ ಬರುವುದು ಕಷ್ಟ. ಹಾಗಾಗಿ ಪಕ್ಕದಲ್ಲಿ ಕೂತವರೇ ಕೈ ಹಾಕಬೇಕು.

ಜೋರಾಗಿ ಕೆಮ್ಮುತ್ತಿದ್ದಾರಾ? ಕೆಮ್ಮಲು ಬಿಡಿ. ಕೆಮ್ಮಿಗಿಂತ ಒಳ್ಳೆ ಔಷಧಿ ಇಲ್ಲ. ಭಯ ಪಡಬೇಕಾದ್ದು ಸದ್ದಿಲ್ಲದಾಗ. ಮಾತು ಹೊರಡುವುದಿಲ್ಲ, ಕೈ ಗಂಟಲಿಗೆ ಹೋಗುತ್ತದೆ, ತುಟಿ ನೀಲಿಗಟ್ಟುತ್ತದೆ. ಮದುವೆ ಊಟದ ಗದ್ದಲದಲ್ಲಿ ಇದು ಯಾರಿಗೂ ಕಾಣಿಸದೇ ಹೋಗಬಹುದು. ಆಗ ನೀರು ಕುಡಿಸಬೇಡಿ. ಮುಚ್ಚಿದ ಕೊಳವೆಯ ಮೇಲೆ ನೀರು ಸುರಿದು ಏನು ಪ್ರಯೋಜನ? ಬಾಯೊಳಗೆ ಬೆರಳು ಹಾಕಿ ತಡಕಾಡಲೂಬೇಡಿ, ಸಿಕ್ಕಿಕೊಂಡಿದ್ದು ಇನ್ನೂ ಒಳಗೆ ಹೋಗುತ್ತದೆ.

ಅವರನ್ನು ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಗುದ್ದಿ. ಆಗಲಿಲ್ಲವಾ? ಹಿಂದೆ ನಿಂತು ಹೊಟ್ಟೆ ತಬ್ಬಿ. ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಹಿಡಿದು, ಒಳಕ್ಕೂ ಮೇಲಕ್ಕೂ ಐದು ಸಲ ಜೋರಾಗಿ ಎಳೆಯಿರಿ. ಬಿಡುವವರೆಗೂ ಗುದ್ದು, ಎಳೆತ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. 1974ರಲ್ಲಿ ಅಮೆರಿಕದ ಡಾಕ್ಟರ್ ಹೆನ್ರಿ ಹೈಮ್ಲಿಕ್ ಈ ಹೊಟ್ಟೆ ಒತ್ತುವ ವಿಧಾನವನ್ನು ಜನರಿಗೆ ತಿಳಿಸಿದರು. ಬಸುರಿಯಾದರೆ ಹೊಟ್ಟೆ ಬೇಡ, ಎದೆ ಒತ್ತಬೇಕು. ವರ್ಷ ತುಂಬದ ಕೂಸನ್ನು ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ತಟ್ಟಿ. ಆಗದಿದ್ದರೆ ಅಂಗಾತ ತಿರುಗಿಸಿ ಒಂದು ಅಂಗೈಯ ಬುಡದಿಂದ ಎದೆ ಒತ್ತಿ. ಈ ನಡುವೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆಯ ನಡುವೆ ಒತ್ತಲು ಶುರು ಮಾಡಿ.

ಇನ್ನು ಕಡಲೆಕಾಯಿ ಬೀಜ. ನನಗೆ ಜಾಸ್ತಿ ಭಯ ಇದರದ್ದೇ. ಪುಟ್ಟ ಮಕ್ಕಳಿಗೆ ಅರೆಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಬೀಜ ಜಾರಿ ಒಳಗೆ ಹೋದರೆ ಎಷ್ಟೋ ಸಲ ಬಲ ಶ್ವಾಸಕೋಶಕ್ಕೇ ಹೋಗುತ್ತದೆ, ಆ ಕವಲು ಹೆಚ್ಚು ಅಗಲ, ಹೆಚ್ಚು ನೇರ. ಮಗು ಒಂದಷ್ಟು ಕೆಮ್ಮಿ ಸುಮ್ಮನಾಗುತ್ತದೆ, ಮನೆಯವರು ಮರೆತೇಬಿಡುತ್ತಾರೆ. ವಾರ ಕಳೆದ ಮೇಲೆ ಬಿಡದ ಕೆಮ್ಮು, ಗೊರಗೊರ ಸದ್ದು. ನೆಗಡಿ ಅಂದುಕೊಂಡು ಸಿರಪ್ ಕುಡಿಸುತ್ತಾರೆ. ಡಾಕ್ಟರ ಹತ್ತಿರ ಹೋದಾಗ ಆ ದಿನದ ಕೆಮ್ಮಿನ ವಿಷಯ ತಪ್ಪದೇ ಹೇಳಿ. ಎಕ್ಸ್-ರೇಯಲ್ಲಿ ಬೀಜ ಕಾಣಿಸದೇ ಇರಬಹುದು.

ದೊಡ್ಡವರಿಗೂ ಅಷ್ಟೇ, ಹೊಟ್ಟೆ ಒತ್ತಿಸಿಕೊಂಡವರು ಗಂಟಲು ಸರಿಹೋದರೂ ಒಮ್ಮೆ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಬೇಕು. ಒಳಗೆ ಪೆಟ್ಟಾಗಿರಬಹುದು.

ನಮಸ್ಕಾರ.