ಮರಿ ಹಾಕುವ ಆಸ್ತಿ

ಕೇಳುಗರಿಗೆ ನಮಸ್ಕಾರ.

ಸಸ್ತನಿಗಳ ಪಾಠ ವಿಜ್ಞಾನದ ಪುಸ್ತಕದಲ್ಲಿರುತ್ತದೆ. ಲೆಕ್ಕ ಬರೆಯುವ ಪಾಠ ಕಾಮರ್ಸ್ ಪುಸ್ತಕದಲ್ಲಿ. ಎರಡನ್ನೂ ಒಬ್ಬರೇ ಮೇಷ್ಟ್ರು ಹೇಳಿಕೊಡುವುದು ಅಪರೂಪ, ಅಲ್ವಾ? ಆದರೆ ಈ ಎರಡು ವಿಷಯಗಳ ನಂಟು ಹಳೆಯದು. ಲೆಕ್ಕಪತ್ರದ ಎಷ್ಟೋ ಕಷ್ಟದ ಪ್ರಶ್ನೆಗಳನ್ನು ಮನುಷ್ಯ ಮೊದಲು ಎದುರಿಸಿದ್ದು ಕುರಿ, ಮೇಕೆ, ಹಸುಗಳ ಮುಂದೆ ನಿಂತು. ಇವತ್ತು ಅದನ್ನೇ ಮಾತಾಡೋಣ.

ಮೊದಲು ಸಸ್ತನಿ ಅಂದರೆ ಏನು ಅಂತ ನೋಡೋಣ. ಮರಿಗೆ ಹಾಲು ಕೊಡಬೇಕು, ಮೈಮೇಲೆ ಒಂದಿಷ್ಟಾದರೂ ಕೂದಲಿರಬೇಕು. ಇವೆರಡು ಮುಖ್ಯ ಗುರುತು. ಕಣ್ಣಿಗೆ ಕಾಣದ ಗುರುತುಗಳೂ ಇವೆ. ಕಿವಿಯ ಒಳಗೆ ಮೂರು ಪುಟ್ಟ ಮೂಳೆಗಳು. ಕೆಳದವಡೆಯ ಒಂದೊಂದು ಬದಿಗೂ ಒಂದೇ ಮೂಳೆ. ಕತ್ತಿನಲ್ಲಿ ಏಳು ಮೂಳೆ, ಜಿರಾಫೆಗೂ ಏಳೇ, ಇಲಿಗೂ ಏಳೇ. ಮರಕ್ಕೆ ಜೋತುಬಿದ್ದು ಬದುಕುವ ಸ್ಲಾತ್ ಮತ್ತು ನೀರಿನಲ್ಲಿ ಬದುಕುವ ಮ್ಯಾನಟೀ ಮಾತ್ರ ಈ ನಿಯಮ ಮೀರುತ್ತವೆ. ಮರಿ ಹಾಕುವುದೂ ಸಸ್ತನಿಗಳ ಲಕ್ಷಣವೇ ಅನ್ನುತ್ತೇವೆ, ಆದರೆ ಆಸ್ಟ್ರೇಲಿಯಾ ಕಡೆಯ ಪ್ಲಾಟಿಪಸ್ ಮತ್ತು ಎಕಿಡ್ನಾ ಎಂಬ ಸಸ್ತನಿಗಳು ಮೊಟ್ಟೆ ಇಡುತ್ತವೆ. ಮೊಟ್ಟೆಯೊಡೆದು ಬಂದ ಮರಿಗೆ ಹಾಲನ್ನೇ ಕುಡಿಸುತ್ತವೆ. ಅವುಗಳಿಗೆ ಮೊಲೆತೊಟ್ಟಿಲ್ಲ, ಹಾಲು ಚರ್ಮದಿಂದ ಜಿನುಗುತ್ತದೆ.

ಇನ್ನೊಂದು ಗುಣ ಬಿಸಿ ರಕ್ತ. ಇದು ಖರ್ಚಿನ ಬಾಬತ್ತು. ಮೊಸಳೆ ತಿಂಗಳುಗಟ್ಟಲೆ ಉಪವಾಸ ಇದ್ದರೂ ಬದುಕಿಕೊಳ್ಳುತ್ತದೆ. ಕುರಿ ಸುಮ್ನೆ ನಿಂತಿದ್ದರೂ ಮೈ ಬೆಚ್ಚಗಿಟ್ಟುಕೊಳ್ಳಲು ಮೇವು ಬೇಕೇ ಬೇಕು.

ಈಗ ಲೆಕ್ಕ ಬರೆಯುವವನ ಕಣ್ಣಿಂದ ನೋಡಿ. ಕಣಜದಲ್ಲಿ ಜೋಳ ಇಟ್ಟರೆ ಅದು ಇದ್ದಷ್ಟೇ ಇರುತ್ತದೆ, ಇಲ್ಲ ಕಡಿಮೆಯಾಗುತ್ತದೆ. ಕುರಿ ಹಾಗಲ್ಲ. ಸುಮಾರು ಐದು ತಿಂಗಳು ಗಬ್ಬ ಹೊತ್ತು ಈಯುತ್ತದೆ. ಹಾಲು ಕೊಡುತ್ತದೆ. ಉಣ್ಣೆ ಬೆಳೆಸುತ್ತದೆ. ಮುದಿಯಾಗುತ್ತದೆ, ಸಾಯುತ್ತದೆ. ಮೇಯಿಸುವವನು ಒಬ್ಬ, ಒಡೆಯ ಇನ್ನೊಬ್ಬ ಆದರಂತೂ ತಕರಾರು ಗ್ಯಾರಂಟಿ. ಮರಿ ಎಷ್ಟು ಹುಟ್ಟಿತು? ಸತ್ತದ್ದು ನಿಜವಾಗಿ ಸತ್ತಿತೋ, ಮಾರಿಬಿಟ್ಟೆಯೋ?

ಈ ತಕರಾರಿನ ಹಳೆಯ ಸಾಕ್ಷಿಗಳು ಸಿಗುವುದು ಇಂದಿನ ಇರಾಕ್ ಮತ್ತು ಸುತ್ತಲಿನ ನಾಡುಗಳಲ್ಲಿ. ಕ್ರಿಸ್ತಪೂರ್ವ 8000ದ ಹೊತ್ತಿನಿಂದಲೇ ಅಲ್ಲಿ ಸಣ್ಣ ಸಣ್ಣ ಮಣ್ಣಿನ ಬಿಲ್ಲೆಗಳು, ಗೋಲಿಗಳು ಸಿಗುತ್ತವೆ. ಇವು ಎಣಿಕೆಯ ಗುರುತುಗಳು ಎಂದು ವಾದಿಸಿದವರು ಡೆನಿಸ್ ಶ್ಮಾಂಟ್-ಬೆಸೆರಾ ಎಂಬ ವಿದ್ವಾಂಸೆ. ಆಮೇಲೆ ಅವನ್ನು ಟೊಳ್ಳು ಮಣ್ಣುಂಡೆಯೊಳಗೆ ಹಾಕಿ ಮುದ್ರೆ ಒತ್ತುವ ಪದ್ಧತಿ ಬಂತು. ಅಲ್ಲಿನ ಉರುಕ್ ನಗರದ ತೀರಾ ಹಳೆಯ ಬರಹದ ಮಣ್ಣಿನ ಹಲಗೆಗಳಲ್ಲಿ ಹೆಚ್ಚಿನವು ಕಥೆಯೂ ಅಲ್ಲ, ಪ್ರಾರ್ಥನೆಯೂ ಅಲ್ಲ, ಬರೀ ಲೆಕ್ಕ. ಅದರಲ್ಲಿ ಬಾರ್ಲಿ, ಬಿಯರ್ ಕೂಡ ಜಾಸ್ತಿಯೇ ಇವೆ. ಎಲ್ಲ ಕುರಿಯಿಂದಲೇ ಶುರುವಾಯಿತು ಅಂತ ನಾನು ಹೇಳುತ್ತಿಲ್ಲ.

ಆದರೆ ನನಗೆ ತುಂಬಾ ಇಷ್ಟವಾದ ಲೆಕ್ಕ ಕುರಿಯದ್ದೇ. ಇರಾಕಿನ ಕಿರ್ಕುಕ್ ಹತ್ತಿರ ನುಜಿ ಎಂಬ ಹಳೆಯ ಊರಿನ ಅಗೆತ. 1920ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಮೊಟ್ಟೆಯಾಕಾರದ ಒಂದು ಮಣ್ಣುಂಡೆ ಸಿಕ್ಕಿತು. ಅದಕ್ಕೆ 3,000 ವರ್ಷಕ್ಕೂ ಮೀರಿದ ವಯಸ್ಸು. ಅದರ ಮೇಲೆ ಬರೆದದ್ದು ಹೀಗಿದೆ. ಈಯುವ ಕುರಿ 21. ಹೆಣ್ಣುಮರಿ 6. ಬೆಳೆದ ಟಗರು 8. ಗಂಡುಮರಿ 4. ಈಯುವ ಮೇಕೆ 6. ಹೋತ 1. ಮೇಕೆಯ ಹೆಣ್ಣುಮರಿ 3. ಕೂಡಿದರೆ 49. ಒಡೆದು ನೋಡಿದರೆ ಒಳಗೆ 49 ಕಲ್ಲುಗಳಿದ್ದವು. ಹೊರಗೆ ಜಿಕರ್ರು ಎಂಬ ಕುರಿಗಾಹಿಯ ಮುದ್ರೆ. ಓದು ಬಾರದವನಿಗೂ ಕಲ್ಲು ಎಣಿಸಲು ಬರುತ್ತದೆ. ಬರೆದವನು ಸುಳ್ಳು ಬರೆದರೆ ಕಲ್ಲು ಹೇಳುತ್ತದೆ. ಆ ಕಲ್ಲುಗಳು ಆಮೇಲೆ ಎಲ್ಲೋ ಕಳೆದುಹೋದವು ಅನ್ನುವುದು ಬೇಸರದ ಮಾತು.

ಇಲ್ಲಿ ಗಮನಿಸಬೇಕಾದದ್ದು ಪಟ್ಟಿಯ ವಿಂಗಡಣೆ. ಸುಮ್ಮನೆ 49 ಅಂತ ಬರೆದರೆ ಸಾಕಿತ್ತಲ್ಲವೇ? ಸಾಲದು. ಈಯುವ 21 ಕುರಿಗಳಿಂದ ಮುಂದಿನ ವರ್ಷ ಮರಿ ಬರಬೇಕು, ಹಾಲು ಬರಬೇಕು. ಟಗರಿನಿಂದ ಉಣ್ಣೆ ಮಾತ್ರ. ಇವತ್ತಿನ ಹೆಣ್ಣುಮರಿ ನಾಳೆ ಈಯುವ ಸಾಲಿಗೆ ಹೋಗುತ್ತದೆ. ಅಂದರೆ ಪಟ್ಟಿ ಬರೆದವನು ಇರುವ ತಲೆಗಳನ್ನು ಎಣಿಸುತ್ತಲೇ ಬರಬೇಕಾದದ್ದನ್ನೂ ಲೆಕ್ಕ ಹಾಕುತ್ತಿದ್ದ. ಲೆಕ್ಕಶಾಸ್ತ್ರದ ಪುಸ್ತಕ ಮೂಲಧನ ಮತ್ತು ಆದಾಯ ಅಂತ ಬೇರೆ ಮಾಡುವುದು ಇದನ್ನೇ.

ಇದಕ್ಕೂ ಹಿಂದೆ, ಕ್ರಿಸ್ತಪೂರ್ವ 21ನೇ ಶತಮಾನದ ಹೊತ್ತಿನಲ್ಲಿ, ಅದೇ ಇರಾಕಿನ ಊರ್ ಎಂಬ ನಗರದ ರಾಜ್ಯದಲ್ಲಿ ಒಬ್ಬ ಗುಮಾಸ್ತ ಇನ್ನೂ ಮುಂದೆ ಹೋಗಿದ್ದ. ದನದ ಹಿಂಡು ಹತ್ತು ವರ್ಷದಲ್ಲಿ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿದ ಹಲಗೆ ಸಿಕ್ಕಿದೆ. ಎರಡು ಹಸುವಿಗೆ ವರ್ಷಕ್ಕೆ ಒಂದು ಕರು. ಕರುಗಳಲ್ಲಿ ಅರ್ಧ ಹೆಣ್ಣು, ಅರ್ಧ ಗಂಡು. ವರ್ಷವರ್ಷದ ತುಪ್ಪ ಇಷ್ಟು, ಗಿಣ್ಣು ಇಷ್ಟು. ಒಂದು ದನವೂ ಸಾಯುವುದಿಲ್ಲ. ಅದನ್ನು ಓದಿದರೆ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವವರ ಯೋಜನಾ ವರದಿ ನೆನಪಾಗುತ್ತದೆ.

ನಿಜವಾದ ಹಿಂಡು ಸಾಯುತ್ತದೆ. ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನು ಅದನ್ನು ಮರೆತಿಲ್ಲ. ಕೂಲಿ ಪಡೆದ ಕುರುಬನ ಕೈಯಲ್ಲಿ ಹಿಂಡು ಕಡಿಮೆಯಾದರೆ, ಹುಟ್ಟುವ ಮರಿ ಕಡಿಮೆಯಾದರೆ, ಕರಾರಿನಂತೆ ಮರಿಯನ್ನೂ ಹುಟ್ಟುವಳಿಯನ್ನೂ ಅವನು ತುಂಬಿಕೊಡಬೇಕು. ದೊಡ್ಡಿಗೆ ದೈವದ ಪೆಟ್ಟು ಬಿದ್ದರೆ, ಸಿಂಹ ಹಿಡಿದರೆ, ದೇವರ ಮುಂದೆ ಪ್ರಮಾಣ ಮಾಡಿ ಪಾರಾಗಬಹುದು. ಆಗ ನಷ್ಟ ಒಡೆಯನದ್ದು. ಆ ಕಾಲದ ಕರಾರುಗಳಲ್ಲಿ ನೂರಕ್ಕೆ ಇಷ್ಟು ಸಾವು ಎಂದು ಮೊದಲೇ ಒಪ್ಪಿಕೊಳ್ಳುವುದೂ ಇತ್ತು. ಸತ್ತ ಕುರಿಯ ಚರ್ಮ ತಂದು ಒಪ್ಪಿಸಬೇಕಿತ್ತು. ಆ ಚರ್ಮವೇ ವೋಚರ್.

ಹದಿಮೂರನೇ ಶತಮಾನದ ಇಂಗ್ಲೆಂಡಿನ ಜಮೀನುದಾರರ ಲೆಕ್ಕದ ಸುರುಳಿಗಳಲ್ಲೂ ಇದೇ ಜಾಡು. ಮುಂದಿನ ಬದಿಯಲ್ಲಿ ಹಣ, ಹಿಂಬದಿಯಲ್ಲಿ ಧಾನ್ಯ ಮತ್ತು ಜಾನುವಾರು. ಹೋದ ವರ್ಷದ ಶಿಲ್ಕು, ಹುಟ್ಟಿದ್ದು, ಕೊಂಡದ್ದು, ಮಾರಿದ್ದು, ರೋಗಕ್ಕೆ ಸತ್ತದ್ದು, ಉಳಿದದ್ದು.

ಇನ್ನು ಜೋಡಿ ನಮೂದು ಪದ್ಧತಿ, ಅಂದರೆ ಪ್ರತಿ ವ್ಯವಹಾರವನ್ನೂ ಜಮಾ ಮತ್ತು ಖರ್ಚು ಎಂದು ಎರಡು ಕಡೆ ಬರೆಯುವ ಕ್ರಮ. ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅದನ್ನು ಅಚ್ಚು ಮಾಡಿಸಿದ. ಕಂಡುಹಿಡಿದವನು ಅವನಲ್ಲ, ಜಿನೋವಾ ನಗರದ 1340ರ ಖಾತೆಗಳಲ್ಲೇ ಅದು ಇತ್ತು. ಈ ಕಥೆ ಎಲ್ಲ ಪುಸ್ತಕದಲ್ಲೂ ಇದೆ, ಬಿಡಿ. ನಮ್ಮ ವಿಷಯಕ್ಕೆ ಬೇಕಾದವನು ಇಟಲಿಯ ಪ್ರಾಟೋ ಊರಿನ ವ್ಯಾಪಾರಿ ಫ್ರಾಂಚೆಸ್ಕೊ ದಾತೀನಿ. 1394ರ ನವೆಂಬರ್‌ನಲ್ಲಿ ಮಜೋರ್ಕಾ ದ್ವೀಪದ ತನ್ನ ಕಚೇರಿಗೆ ಉಣ್ಣೆ ಬೇಕೆಂದು ಬರೆದ. ಉಣ್ಣೆ ಇನ್ನೂ ಕುರಿಗಳ ಮೈಮೇಲೇ ಇತ್ತು! ಕತ್ತರಿಸಿದ್ದು ಮುಂದಿನ ಮೇ ತಿಂಗಳಲ್ಲಿ. ಅದು ಬಟ್ಟೆಯಾಗಿ, ಮಾರಾಟವಾಗಿ, ಲಾಭ ಗೊತ್ತಾಗಲು ಸುಮಾರು ಮೂರೂವರೆ ವರ್ಷ ಹಿಡಿಯಿತು. ಅಷ್ಟು ದಿನ ತೊಳೆದವರ, ನೂತವರ, ಬಣ್ಣ ಹಾಕಿದವರ ಕೂಲಿಯ ಜಾಡು ತಪ್ಪದಂತೆ ಹಿಡಿದಿಟ್ಟದ್ದು ಖಾತೆ ಪುಸ್ತಕಗಳು.

ಈಗಿನ ಕಾಲಕ್ಕೆ ಬರೋಣ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳಲ್ಲಿ 41ನೆಯದು ಕೃಷಿಯದ್ದು. 2003ರಿಂದ ಜಾರಿಯಲ್ಲಿದೆ. ಜೀವವಿರುವ ಆಸ್ತಿಯನ್ನು ಸಾಮಾನ್ಯವಾಗಿ ಕೊಂಡ ಬೆಲೆಗೆ ಬರೆಯಬೇಡಿ, ಮಾರುವ ಖರ್ಚು ಕಳೆದು ಇವತ್ತಿನ ಬೆಲೆಗೆ ಬರೆಯಿರಿ ಅನ್ನುತ್ತದೆ. ಅದರ ಜೊತೆಗೆ ಒಂದು ಉದಾಹರಣೆಯಿದೆ. ಜನವರಿ 1ಕ್ಕೆ ಎರಡು ವರ್ಷದ 10 ಪ್ರಾಣಿಗಳು, ಒಂದೊಂದಕ್ಕೆ 100. ಜುಲೈ 1ಕ್ಕೆ ಒಂದನ್ನು 108 ಕೊಟ್ಟು ಕೊಂಡರು. ಅದೇ ದಿನ ಒಂದು ಮರಿ ಹುಟ್ಟಿತು. ವರ್ಷದ ಕೊನೆಗೆ ಹಿಂಡಿನ ಬೆಲೆ 1,400. ಮೊದಲಿದ್ದ 1,000 ಮತ್ತು ಕೊಂಡ 108 ಕಳೆದರೆ ಹೆಚ್ಚಾದದ್ದು 292. ಅದರಲ್ಲಿ ಬೆಲೆ ಏರಿದ್ದರಿಂದ ಬಂದದ್ದು ಬರೀ 55. ಉಳಿದ 237 ಪ್ರಾಣಿಗಳು ಬೆಳೆದದ್ದರಿಂದ, ಮರಿ ಹುಟ್ಟಿದ್ದರಿಂದ. ಮರಿ ಹುಟ್ಟಿದ ದಿನವೇ ಅದರ ಬಾಬ್ತು 70 ಲಾಭ. ಯಾರೂ ಏನೂ ಮಾರಿಲ್ಲ, ಕೈಗೆ ಕಾಸೂ ಬಂದಿಲ್ಲ! ಇದು ಅತಿಯಾಯಿತು ಅನ್ನುವ ಲೆಕ್ಕಿಗರಿದ್ದಾರೆ. ನನಗೆ ಮಾತ್ರ ಈ ವಿಂಗಡಣೆ ಸರಿ ಅನಿಸುತ್ತದೆ. ಸಾಕಿದವನ ದುಡಿಮೆ ಎಷ್ಟು, ಸಂತೆಯ ಏರಿಳಿತ ಎಷ್ಟು ಅಂತ ಬೇರೆಬೇರೆಯಾಗಿ ಕಾಣುತ್ತದೆ.

ಹಾಲಿಗೂ ಒಂದು ಗಡಿ ಇದೆ. ಕೆಚ್ಚಲಿನಿಂದ ಪಾತ್ರೆಗೆ ಬೀಳುವ ಗಳಿಗೆಯಲ್ಲಿ ಅದಕ್ಕೆ ಬೆಲೆ ಕಟ್ಟಬೇಕು. ಆಮೇಲೆ ಅದು ಜೀವವಿರುವ ಆಸ್ತಿಯ ಪಾಲಲ್ಲ, ಮಾಮೂಲಿ ಸರಕು.

2014ರಲ್ಲಿ ಈ ಮಾನದಂಡಕ್ಕೆ ತಿದ್ದುಪಡಿ ಬಂತು. ಚಹಾ ಗಿಡ, ರಬ್ಬರ್ ಮರದಂಥವನ್ನು ಹೊರಗೆ ತೆಗೆದು ಕಾರ್ಖಾನೆಯ ಯಂತ್ರದ ಸಾಲಿಗೆ ಸೇರಿಸಿದರು. ಫಸಲು ನಿಂತ ಗಿಡವನ್ನು ಸೌದೆಗಲ್ಲದೆ ಇನ್ನು ಯಾತಕ್ಕೂ ಮಾರುವುದಿಲ್ಲ ಅನ್ನುವುದು ಅಲ್ಲಿನ ತರ್ಕ. ಹಸು ಮಾತ್ರ ಇದ್ದಲ್ಲೇ ಉಳಿಯಿತು. ವರ್ಷ ಮುಗಿದಾಗ ಲೆಕ್ಕಿಗ ಅದರ ವಯಸ್ಸು ಕೇಳಿ, ಸಂತೆಯ ಬೆಲೆ ವಿಚಾರಿಸಿಯೇ ಪುಸ್ತಕ ಮುಚ್ಚಬೇಕು.

ನಮಸ್ಕಾರ.