ಕಾಂಕ್ರೀಟ್ ಕಿತ್ತರೆ ದಡ ಕುಸಿಯಲ್ವಾ?

ನಮಸ್ಕಾರ. ರಾಜಕಾಲುವೆ ವಿಡಿಯೋ ನೋಡಿ ನಿಮ್ಮಲ್ಲೊಬ್ಬರು ಕೇಳಿದ್ದಿರಿ: "ಕಾಂಕ್ರೀಟ್ ಗೋಡೆ ತೆಗೆದರೆ ಮಳೆಗಾಲದಲ್ಲಿ ದಡ ಕೊಚ್ಚಿಹೋಗಲ್ವಾ?" ಆ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಅದಕ್ಕೆ ಉತ್ತರ ಸಿಂಗಪುರದ ಒಂದು ಬಡಾವಣೆ ಪಾರ್ಕಿನಲ್ಲಿ ಸಿಕ್ಕಿತು.

[ದೃಶ್ಯ: ನೇರ ಕಾಂಕ್ರೀಟ್ ಕಾಲುವೆಯ ಹಳೇ ಫೋಟೋ]

ಬಿಶಾನ್-ಆಂಗ್ ಮೊ ಕಿಯೊ ಪಾರ್ಕ್. ಪಕ್ಕದಲ್ಲೇ ಕಲಾಂಗ್ ನದಿ, ಆದರೆ ಕಾಂಕ್ರೀಟ್ ಕಾಲುವೆಯಾಗಿ. 2009ರಲ್ಲಿ ಕೆಲಸ ಶುರು, 2012ರಲ್ಲಿ ಮುಗಿಯಿತು. 2.7 ಕಿಲೋಮೀಟರ್ ನೇರ ಕಾಲುವೆ ಹೋಗಿ, ಸುಮಾರು 3 ಕಿಲೋಮೀಟರ್ ಬಳುಕುವ ನದಿ ಬಂತು.

ಸರಿ, ದಡವನ್ನು ಹಿಡಿದಿಟ್ಟಿದ್ದು ಯಾವುದು?

[ದೃಶ್ಯ: ಕೈಯಲ್ಲೊಂದು ಚಿಗುರಿದ ಗ್ಲಿರಿಸಿಡಿಯಾ ಕೊಂಬೆ]

ಇದನ್ನು ನೋಡಿ. ಬೇಲಿಗೆ ಅಂತ ಗೂಟ ಕಡಿದು ನೆಡುತ್ತೀವಿ. ಒಂದೆರಡು ಮಳೆ ಬಿದ್ದರೆ ಸಾಕು, ಗೂಟವೇ ಚಿಗುರುತ್ತೆ. ಆಮೇಲೆ ಕಿತ್ತು ನೋಡಿ, ಬರಲ್ಲ! ಬುಡದಲ್ಲಿ ಬೇರು ಮಣ್ಣನ್ನು ಮುಷ್ಟಿ ಕಟ್ಟಿ ಹಿಡಿದಿರುತ್ತೆ. ಬಿಶಾನ್‌ನಲ್ಲಿ ಮಾಡಿದ್ದೂ ಇದನ್ನೇ. ಹಸಿ ಕೊಂಬೆಗಳನ್ನು ಸೌದೆ ಹೊರೆಯ ಹಾಗೆ ಹಗ್ಗದಲ್ಲಿ ಕಟ್ಟಿ ದಡದುದ್ದಕ್ಕೂ ಹೂತರು. ಕೆಲವು ಕಡೆ ಕಲ್ಲುಗಳ ಸಂದಿಯಲ್ಲಿ ಕೊಂಬೆ ತೂರಿಸಿದರು. ಮೊದಲ ದಿನ ದಡ ಕಾಯೋದು ಹಗ್ಗ, ಕಲ್ಲು. ಬೇರಿಳಿದ ಮೇಲೆ ಗಿಡವೇ ಕಾಯುತ್ತೆ. ಕಾಂಕ್ರೀಟ್‌ಗೆ ವಯಸ್ಸಾದಂತೆ ಬಿರುಕು ಬರುತ್ತೆ, ಈ ದಡಕ್ಕೆ ವಯಸ್ಸಾದಂತೆ ಬಲ ಬರುತ್ತೆ. ನನಗೆ ತುಂಬಾ ಇಷ್ಟವಾಗಿದ್ದು ಇದೇ.

ಸುಮ್ನೆ ನಂಬಿ ಮಾಡಿದ್ದಲ್ಲ. ಪಾರ್ಕಿನೊಳಗೇ 60 ಮೀಟರ್ ಉದ್ದದ ಒಂದು ಚರಂಡಿಯಲ್ಲಿ ಇಂಥ 10 ವಿಧಾನಗಳನ್ನು ಪರೀಕ್ಷೆ ಮಾಡಿ, 7ನ್ನು ಆರಿಸಿಕೊಂಡರು. ಎಲ್ಲ ಊರಿನ ಎಂಜಿನಿಯರ್‌ಗಳೂ ಇದೊಂದನ್ನು ಕಲಿಯಬೇಕು: ಮೊದಲು ಚಿಕ್ಕದಾಗಿ ಮಾಡಿ ನೋಡೋದು.

ಸಮಯ ಕಡಿಮೆ ಇದೆ, ಉಳಿದಿದ್ದನ್ನು ಬೇಗ ಹೇಳ್ತೀನಿ. ಪ್ರವಾಹ? ಕಾಲುವೆ ಹೆಚ್ಚೆಂದರೆ 24 ಮೀಟರ್ ಅಗಲ ಇತ್ತು. ಈಗ ಜೋರು ಮಳೆ ಬಂದರೆ ನದಿ ಸುಮಾರು 100 ಮೀಟರ್‌ವರೆಗೆ ಹರಡಬಹುದು. ಹುಲ್ಲುಹಾಸೇ ಆಗ ನದಿಯ ಪಾತ್ರ. ನೀರು ಏರಿದರೆ ಸೈರನ್, ದೀಪ ಎಚ್ಚರಿಸುತ್ತವೆ, ಜನ ಮೇಲೆ ಹತ್ತುತ್ತಾರೆ. ಒಡೆದ ಕಾಂಕ್ರೀಟನ್ನು ಪಾರ್ಕಿನಲ್ಲೇ ಒಂದು ಗುಡ್ಡ ಮಾಡಲು ಬಳಸಿದರು.

[ದೃಶ್ಯ: ನೀರುನಾಯಿಗಳು]

ಆಮೇಲೆ ಇವರು ಬಂದರು. ಯಾರೂ ತಂದು ಬಿಟ್ಟಿದ್ದಲ್ಲ. ನಮ್ಮ ತುಂಗಭದ್ರೆಯಲ್ಲಿರುವ ಜಾತಿಯ ನೀರುನಾಯಿಗಳೇ, ಮರಿಗಳ ಸಮೇತ. ನೋಡಿ, ಆ ಕೊನೇ ಮರಿ ಮೀನು ಬಿಡ್ತಾನೇ ಇಲ್ಲ!