ಎರಡು ಸಾವಿರ ಚಿತ್ರಗಳು, ಒಂದೂವರೆ ನಿಮಿಷದ ವಿಡಿಯೊ

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಬ್ರಹ್ಮಕಮಲವೆಂದು ಕರೆದು ಕುಂಡಗಳಲ್ಲಿ ಬೆಳೆಸುವ ಹೂವು ರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಬಾಡಿ ಜೋತುಬೀಳುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಗಿಡದಲ್ಲಿ ಮೊಗ್ಗು ತಲೆಯೆತ್ತಿದ ಸಂಜೆ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಏಳು ಗಂಟೆಯಿಂದ ರಾತ್ರಿ ಒಂದರವರೆಗೆ ಹತ್ತು ಸೆಕೆಂಡಿಗೊಂದು ಚಿತ್ರ ತೆಗೆಯುವಂತೆ ಹೊಂದಿಸಿಟ್ಟೆ. ಆರು ಗಂಟೆಗಳಲ್ಲಿ 2,160 ಚಿತ್ರಗಳಾದವು. ನಮ್ಮ ದೇಶದ ಟಿ.ವಿ. ಪ್ರಸಾರದಲ್ಲಿ ರೂಢಿಯಲ್ಲಿರುವಂತೆ ಸೆಕೆಂಡಿಗೆ 25 ಫ್ರೇಮುಗಳ ಲೆಕ್ಕದಲ್ಲಿ ಇವನ್ನು ಓಡಿಸಿದರೆ, ಆರು ಗಂಟೆಗಳ ಅರಳುವಿಕೆ ಸುಮಾರು 86 ಸೆಕೆಂಡುಗಳ ವಿಡಿಯೊ ಆಗುತ್ತದೆ.

ಈ ಕೆಲಸಕ್ಕೆ ನಾನು ಬಳಸುವುದು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶವನ್ನು. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ ಅವರು 2000ದಲ್ಲಿ ಆರಂಭಿಸಿದ ಇದು ಉಚಿತವಾಗಿ ಸಿಗುತ್ತದೆ. ಇದರಲ್ಲಿ ಒತ್ತಲು ಗುಂಡಿಗಳಿಲ್ಲ. ಏನು ಬೇಕೆಂಬುದನ್ನು ಒಂದು ಸಾಲಿನ ಆದೇಶವಾಗಿ ಟೈಪ್ ಮಾಡಬೇಕು. ಆ ಒಂದು ಸಾಲಿನಲ್ಲಿ ನಾನು ಮಾಡಿದ ತಪ್ಪುಗಳೇ ನನಗೆ ಹೆಚ್ಚು ಕಲಿಸಿದ್ದರಿಂದ, ಅವುಗಳ ಕುರಿತೇ ಹೇಳುತ್ತೇನೆ.

ಮೊದಲನೆಯದು ಸಂಖ್ಯೆಗಳ ವಿಷಯ. ಕ್ಯಾಮೆರಾಗಳು ಚಿತ್ರಗಳಿಗೆ ನಾಲ್ಕಂಕಿಯ ಸಂಖ್ಯೆ ಕೊಡುತ್ತವೆ; 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಎಣಿಸತೊಡಗುತ್ತವೆ. ಆ ರಾತ್ರಿಯ ಮೊದಲ ಚಿತ್ರದ ಸಂಖ್ಯೆ 8801 ಆಗಿತ್ತು. ರಾತ್ರಿ ಹತ್ತು ಇಪ್ಪತ್ತರ ಹೊತ್ತಿಗೆ ಎಣಿಕೆ ಒಂದಕ್ಕೆ ಮರಳಿದ್ದನ್ನು ಗಮನಿಸದೆ, ಎಲ್ಲ ಚಿತ್ರಗಳನ್ನೂ ಒಂದೇ ಫೋಲ್ಡರಿಗೆ ಸುರಿದು ಆದೇಶ ಕೊಟ್ಟೆ. ಎಫ್‌ಎಫ್‌ಎಂಪೆಗ್ ಸಂಖ್ಯೆಯ ಸರಣಿಯನ್ನು ಹಿಡಿದು ಹೋಗುತ್ತದೆ. ನಡುವೆ ಒಂದು ಸಂಖ್ಯೆ ತಪ್ಪಿದರೆ ಅಲ್ಲಿಗೆ ನಿಲ್ಲಿಸುತ್ತದೆ. ಹಾಗಾಗಿ ಅದು 0001ರಿಂದ 0961ರವರೆಗೆ ಓದಿ, ಕೆಲಸ ಮುಗಿಯಿತೆಂದು ತಿಳಿಸಿತು. ನಾನು ತೆರೆದು ನೋಡಿದಾಗ ಮೊಗ್ಗೇ ಇರಲಿಲ್ಲ. ಆಗಲೇ ಅರಳಿದ್ದ ಹೂವಿನಿಂದ ವಿಡಿಯೊ ಆರಂಭವಾಗಿತ್ತು. ಚಿತ್ರ ತೆಗೆದ ಸಮಯದ ಪ್ರಕಾರ ಎಲ್ಲ ಫೈಲುಗಳಿಗೂ ಹೊಸದಾಗಿ ಕ್ರಮಸಂಖ್ಯೆ ಕೊಟ್ಟ ಮೇಲೆ ಸರಣಿ ಸರಿಹೋಯಿತು. ಇನ್ನೊಂದು ಮಾತು: ಸರಣಿ ಒಂದರಿಂದಲ್ಲದೆ, ಸಾವಿರದಿಂದಲೋ ಐದು ಸಾವಿರದಿಂದಲೋ ಶುರುವಾಗುವುದಾದರೆ ಆ ಆರಂಭದ ಸಂಖ್ಯೆಯನ್ನು ಆದೇಶದಲ್ಲಿ ಬರೆದು ಹೇಳಬೇಕು, ಇಲ್ಲವಾದರೆ ಚಿತ್ರಗಳೇ ಸಿಗಲಿಲ್ಲವೆಂಬ ಉತ್ತರ ಬರುತ್ತದೆ.

ಸೆಕೆಂಡಿಗೆ ಎಷ್ಟು ಫ್ರೇಮು ಎಂಬುದನ್ನು ಎಲ್ಲಿ ಬರೆಯುತ್ತೇವೆ ಎನ್ನುವುದೂ ಮುಖ್ಯ. ಅದು ಚಿತ್ರಗಳ ಹೆಸರಿಗಿಂತ ಮುಂಚೆ ಬರಬೇಕು. ಹೂವು ನಿಧಾನವಾಗಿ ಅರಳಲಿ ಎಂದು ನಾನೊಮ್ಮೆ ಹತ್ತು ಎಂಬ ಅಂಕಿಯನ್ನು ಚಿತ್ರಗಳ ಹೆಸರಾದ ಮೇಲೆ ಬರೆದೆ. ತಂತ್ರಾಂಶವು ಚಿತ್ರಗಳನ್ನು ತನ್ನ ರೂಢಿಯಂತೆ ಸೆಕೆಂಡಿಗೆ 25ರಂತೆಯೇ ಓದಿ, ಪ್ರತಿ ಐದರಲ್ಲಿ ಮೂರನ್ನು ಬಿಟ್ಟುಬಿಟ್ಟಿತು. ಹೂವು ನಿಧಾನವಾಗಲಿಲ್ಲ, ಎಸಳುಗಳು ತಡೆದು ತಡೆದು ಅಲುಗಿದವು.

ಇನ್ನು ವೇಗದ ಮಾತಿಗೆ ಬರೋಣ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಅರ್ಧ ಗಂಟೆ ದಾಟಿದರೂ ಕೆಲಸ ಮುಗಿದಿರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೊಂಡರೆ ಸರಿಹೋದೀತು ಎಂದು ಹಲವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಹೊರೆ ಇದ್ದದ್ದು ಬೇರೆಡೆ. ನನ್ನ ಕ್ಯಾಮೆರಾದ ಒಂದೊಂದು ಚಿತ್ರವೂ ಅಗಲದಲ್ಲಿ 6,000, ಎತ್ತರದಲ್ಲಿ 4,000, ಅಂದರೆ ಒಟ್ಟು 2.4 ಕೋಟಿ ಪಿಕ್ಸೆಲುಗಳದ್ದು. ಫೋನಿನಲ್ಲೋ ಟಿ.ವಿ.ಯಲ್ಲೋ ನೋಡುವ ವಿಡಿಯೊಗೆ 1,920 ಅಗಲ, 1,280 ಎತ್ತರ ಧಾರಾಳವಾಯಿತು. ಅದು ಮೂಲದ ಹತ್ತನೇ ಒಂದು ಭಾಗ. ಆದ್ದರಿಂದ ಚಿಕ್ಕದಾಗಿಸುವ ಸೂಚನೆಯನ್ನು ಅದೇ ಆದೇಶದಲ್ಲಿ ಸೇರಿಸಿದರೆ, ಚಿತ್ರಗಳನ್ನು ಸಂಕುಚಿಸಿ, ಅಂದರೆ ಕಡಿಮೆ ಜಾಗದಲ್ಲಿ ಹಿಡಿಸಿ, ವಿಡಿಯೊ ಮಾಡುವ ಭಾಗಕ್ಕೆ ಬರುವ ಕೆಲಸ ಅಷ್ಟರಮಟ್ಟಿಗೆ ಇಳಿಯುತ್ತದೆ. ಜೆಪೆಗ್ ಚಿತ್ರಗಳಲ್ಲಿ ಇನ್ನೂ ಒಂದು ಅನುಕೂಲವಿದೆ: ಅವುಗಳನ್ನು ಬಿಡಿಸಿ ಓದುವಾಗಲೇ ಅರ್ಧ ಅಥವಾ ಕಾಲು ಅಳತೆಯಲ್ಲಿ ಓದುವಂತೆ ಹೇಳಬಹುದು, ಆಗ ಪೂರ್ಣ ಚಿತ್ರವನ್ನು ಬಿಡಿಸುವ ಶ್ರಮವೇ ತಪ್ಪುತ್ತದೆ. ಇದನ್ನು ತಿಳಿಯಲು ನನಗೆ ವರ್ಷಗಳು ಹಿಡಿದವು. ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ಉಳಿಯುತ್ತಿತ್ತು.

ಸಂಕುಚಿಸುವ ಎಕ್ಸ್264 ಎಂಬ ಭಾಗಕ್ಕೂ ಅತಿವೇಗದಿಂದ ಅತಿನಿಧಾನದವರೆಗೆ ಹಂತಗಳಿವೆ. ವೇಗದ ಹಂತ ಆರಿಸಿದರೆ ಫೈಲು ದೊಡ್ಡದಾಗುತ್ತದೆ, ಅಷ್ಟೆ. ಒಂದೂವರೆ ನಿಮಿಷದ ವಿಡಿಯೊಗೆ ಅದು ಲೆಕ್ಕಕ್ಕಿಲ್ಲ. ಗುಣಮಟ್ಟದ ಅಂಕಿ ತಾನಾಗಿ 23 ಇರುತ್ತದೆ. ಎಸಳಿನ ನರಗಳು ಮಸುಕಾಗಬಾರದೆಂದು ನಾನು 18 ಇಡುತ್ತೇನೆ, ಏಕೆಂದರೆ ಇಲ್ಲಿ ಅಂಕಿ ಇಳಿದಷ್ಟೂ ಗುಣ ಏರುತ್ತದೆ. ಇದೆಲ್ಲ ಕೂಡಿಸಿದ ಮೇಲೆ ಅದೇ ಲ್ಯಾಪ್‌ಟಾಪಿನಲ್ಲಿ ಅದೇ ಸರಣಿ ಐದು ನಿಮಿಷದೊಳಗೆ ಸಿದ್ಧವಾಯಿತು.

ಬರಿಯ ಪರಿಶೀಲನೆಗೆ ಇನ್ನೂ ವೇಗದ ದಾರಿಯಿದೆ. ಜೆಪೆಗ್ ಚಿತ್ರಗಳನ್ನು ಸ್ವಲ್ಪವೂ ಬದಲಿಸದೆ ಒಂದರ ಹಿಂದೊಂದು ಪೋಣಿಸಿ ವಿಡಿಯೊ ಫೈಲಿನಲ್ಲಿಡಬಹುದು. ಆಗ ತಗಲುವುದು ಹೆಚ್ಚುಕಡಿಮೆ ನಕಲು ಮಾಡುವಷ್ಟೇ ಸಮಯ. ಫೈಲಿನ ಗಾತ್ರ ಮಾತ್ರ ಎಲ್ಲ ಚಿತ್ರಗಳ ಒಟ್ಟು ಗಾತ್ರದಷ್ಟೇ ಇರುತ್ತದೆ, ಫೋನಿನಲ್ಲಿ ಸರಾಗವಾಗಿ ಓಡುವುದೂ ಇಲ್ಲ.

ಬೇಗ ಮುಗಿದ ವಿಡಿಯೊ ಇನ್ನೊಬ್ಬರ ಫೋನಿನಲ್ಲಿ ತೆರೆಯದಿದ್ದರೆ ಬೇಗ ಮಾಡಿದ್ದರ ಪ್ರಯೋಜನವೇನು? ಕ್ಯಾಮೆರಾದ ಎಷ್ಟೋ ಚಿತ್ರಗಳಲ್ಲಿ ಬಣ್ಣದ ಮಾಹಿತಿ 4:2:2 ಎಂಬ ರೀತಿಯಲ್ಲಿರುತ್ತದೆ. ಏನೂ ಹೇಳದಿದ್ದರೆ ವಿಡಿಯೊ ಕೂಡ ಹಾಗೆಯೇ ತಯಾರಾಗುತ್ತದೆ, ಅದನ್ನು ಬಹಳಷ್ಟು ಫೋನುಗಳೂ ಬ್ರೌಸರುಗಳೂ ಓದಲಾರವು. ಬಣ್ಣದ ರೀತಿ ವೈಯುವಿ 420 ಪಿ ಇರಲಿ ಎಂದು ಆದೇಶದಲ್ಲಿ ಬರೆಯಬೇಕು. ಅಗಲ ಎತ್ತರಗಳೆರಡೂ ಸಮಸಂಖ್ಯೆಯಾಗಿರಬೇಕೆಂಬುದೂ ಇದರ ಜೊತೆಯ ನಿಯಮ.

ಈಗೆಲ್ಲ ನಾನು ಮೊದಲು ನೂರೇ ಚಿತ್ರಗಳಿಂದ ನಾಲ್ಕು ಸೆಕೆಂಡಿನ ತುಣುಕು ಮಾಡಿ, ಅದನ್ನು ಅಮ್ಮನ ಹಳೆಯ ಫೋನಿಗೆ ಕಳಿಸಿ ತೆರೆದು ನೋಡುತ್ತೇನೆ. ಅಲ್ಲಿ ಓಡಿದ ಮೇಲೆಯೇ ಪೂರ್ತಿ ಸರಣಿಗೆ ಆದೇಶ ಕೊಡುತ್ತೇನೆ. ಬ್ರಹ್ಮಕಮಲದ ವಿಡಿಯೊವನ್ನೂ ಅಮ್ಮ ಅದೇ ಫೋನಿನಲ್ಲಿ ನೋಡಿದರು. ಮೊದಲು ಕಳೆದುಹೋಗಿದ್ದ 48 ಸೆಕೆಂಡುಗಳಲ್ಲಿ ಮೊಗ್ಗಿನ ತುದಿ ಬಿರಿದು, ಹೊರಗಿನ ತೆಳು ಎಸಳುಗಳು ಒಂದೊಂದೇ ಹಿಂದಕ್ಕೆ ಬಾಗುವುದನ್ನು ಮೂರು ಸಲ ಹಿಂದಕ್ಕೆ ಸರಿಸಿ ನೋಡಿದರು. ನಮಸ್ಕಾರ.